ಇಳಾ ಕಮ್ಮಾರಳ ಉಸಿರು

ಹುಬ್ಬಳ್ಳಿ, ಎರಡನೆಯ ಬೇಸಿಗೆಯ ನಡುವಿನ ಒಂದು ಬುಧವಾರ, ಇಸವಿ ೨೧೭೪

ನನಗಿಂತ ಬಹಳ ಮೊದಲು ಬದುಕಿದವರೇ,

ಮೇಲಿನ ದಿನಾಂಕ ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಅವೆರಡರ ನಡುವೆ ಸಿಕ್ಕಿಕೊಂಡ ಕೆಲವು ವಾರಗಳನ್ನು ಮಳೆಗಾಲ ಎನ್ನುತ್ತೇವೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ತೊಡರಬಹುದು. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಆದಷ್ಟು ನಿಮ್ಮ ಹಾಗೆಯೇ ಬರೆಯಲು ಪ್ರಯತ್ನಿಸಿದ್ದೇನೆ. ಆದರೂ ಗೊತ್ತಿಲ್ಲದ ಪದ ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಈ ಪತ್ರ ಹಿಂದಕ್ಕೆ ಹೋಗಿ ನಿಮ್ಮ ಕೈ ಸೇರುವ ದಾರಿ ಯಾವುದೂ ಇಲ್ಲವೆಂದು ನನಗೆ ತಿಳಿದಿದೆ. ಬರೆಯದೆ ಇರಲು ಆಗಲಿಲ್ಲ, ಅಷ್ಟೆ.

ನನ್ನ ಹೆಸರು ಸಾವಂತ್ರಿ ಕಮ್ಮಾರ. ವಯಸ್ಸಾಗಿದೆ. ಕೆಲವು ವಾರಗಳ ಹಿಂದೆ ನಮ್ಮ ಓಣಿಯ ವಾಚನಾಲಯದಲ್ಲಿ ನಿಮ್ಮ ಕಾಲದ ಒಂದು ಸಂಗೀತ ಕಾರ್ಯಕ್ರಮದ ಹಳೆಯ ವಿಡಿಯೋ ತೋರಿಸಿದರು. ನೀಲಿ ದೀಪ, ಹೊಗೆ, ನಡುವೆ ಹಾಡುಗಾರ್ತಿ, ಅವಳ ಹಿಂದೆ ಬೆಳ್ಳಿ ಬಣ್ಣದ ಬಟ್ಟೆ ತೊಟ್ಟು ರೋಬೋಟಿನ ಹಾಗೆ ಕೈಕಾಲು ಸೆಟೆಸಿ ಕುಣಿಯುವ ಹುಡುಗ ಹುಡುಗಿಯರು. ಸುತ್ತ ಕೂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಯಂತ್ರದ ಹಾಗೆ ಕುಣಿಯುವುದು ನಿಮಗೆ ಒಂದು ಆಟವಾಗಿತ್ತು ಎಂಬುದು ನನಗೆ ಆಗಷ್ಟೇ ಗೊತ್ತಾಯಿತು. ನನ್ನ ತಂಗಿಗೂ ಮೊದಮೊದಲು ಅದು ಆಟವೇ ಆಗಿತ್ತು. ಅವಳ ಕಥೆಯನ್ನು ನಿಮಗೆ ಹೇಳಬೇಕೆನಿಸಿತು.

ನಮ್ಮ ದಿನಗಳು ಹೇಗಿರುತ್ತವೆಂದು ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಬಿಸಿಲು ಏರಿದ ಮೇಲೆ ಇಲ್ಲಿ ಯಾರೂ ಬಯಲಿಗೆ ಬರುವುದಿಲ್ಲ. ಓಣಿಗಳ ಮೇಲೆ ಚಪ್ಪರದಂತೆ ಬಟ್ಟೆ ಕಟ್ಟಿರುತ್ತಾರೆ, ಅವನ್ನು ನೆರಳುಬೀದಿ ಎನ್ನುತ್ತೇವೆ. ಮದುವೆ, ಸಂತೆ, ಹಾಡು, ಕುಣಿತ ಎಲ್ಲವೂ ಹೊತ್ತು ಹುಟ್ಟುವ ಸಮಯದಲ್ಲೇ. ಆದ್ದರಿಂದ ನಮ್ಮ ಹಾಡಿನ ಕಾರ್ಯಕ್ರಮಗಳಿಗೆ ಮುಂಜಾವಿನ ಮೇಳ ಎಂದೇ ಹೆಸರಿತ್ತು. ಜನ ಕಣ್ಣುಜ್ಜುತ್ತ ಮೈದಾನಕ್ಕೆ ಬರುತ್ತಿದ್ದರು. ಯಾರದೋ ಡಬ್ಬಿಯಲ್ಲಿ ಗಿರ್ಮಿಟ್ಟು, ಯಾರದೋ ಚೀಲದಲ್ಲಿ ಮಿರ್ಚಿ ಬಜಿ. ವೇದಿಕೆಯ ಹಿಂದೆ ಆಕಾಶ ಕೆಂಪಾಗುವ ಹೊತ್ತಿಗೆ ಮೊದಲ ಹಾಡು ಶುರುವಾಗಬೇಕಿತ್ತು, ಬಿಸಿಲು ಚುರುಗುಟ್ಟುವ ಮೊದಲು ಕೊನೆಯದು ಮುಗಿಯಬೇಕಿತ್ತು. ಚಹಾದ ಗಾಡಿಯವರು ಮಾತ್ರ ಆಮೇಲೂ ಹೋಗದೆ, ಉಳಿದದ್ದನ್ನು ಮೇಳದವರಿಗೆ ಕುಡಿಸಿಯೇ ಹೋಗುತ್ತಿದ್ದರು.

ಮೇಳದಲ್ಲಿ ಹಾಡುವವಳು ಒಬ್ಬಳೇ ಮನುಷ್ಯಳು. ಜೊತೆಗೆ ಕುಣಿಯುವವು ಯಂತ್ರಗಳು. ಅವುಗಳನ್ನು ಹೆಜ್ಜೆಗೊಂಬೆ ಎನ್ನುತ್ತಿದ್ದೆವು. ಎಲ್ಲಕ್ಕೂ ಒಂದೇ ಎತ್ತರ, ಒಂದೇ ಬೂದು ಹೊದಿಕೆ, ಕಣ್ಣಿಲ್ಲದ ನುಣುಪು ಮುಖ. ಆ ಹೊದಿಕೆಗೆ ಚಿಪ್ಪು ಎಂದು ಹೆಸರು. ಹಾಡುವವಳೂ ಅದೇ ಚಿಪ್ಪು ತೊಟ್ಟು, ಅದೇ ಮುಖ ಹಾಕಿಕೊಂಡು ಸಾಲಿನಲ್ಲಿ ಸೇರಿಕೊಳ್ಳುತ್ತಿದ್ದಳು. ಹಾಡು ಎಲ್ಲ ಕಡೆಯಿಂದಲೂ ಕೇಳುತ್ತಿತ್ತು. ಇವರಲ್ಲಿ ಮನುಷ್ಯಳು ಯಾರು ಎಂದು ಜನ ಕೊನೆಯವರೆಗೂ ಹುಡುಕುತ್ತಿದ್ದರು. ಕೊನೆಯ ಹಾಡು ಮುಗಿದು ಎಲ್ಲ ನಿಶ್ಶಬ್ದವಾದಾಗ ಒಂದು ಗೊಂಬೆ ಮುಂದೆ ಬಂದು, ಮುಖ ಕಳಚಿ, ಆವರೆಗೆ ಬಿಗಿಹಿಡಿದ ಉಸಿರನ್ನು ಮೈಕಿನೊಳಗೆ ಬಿಡುತ್ತಿತ್ತು. ಬೆವರಿಗೆ ಅಂಟಿದ ಕೂದಲು, ಏದುಸಿರು, ಕೆಂಪೇರಿದ ಕೆನ್ನೆ. ಅದಕ್ಕೆ ಮೊಗದೆರೆ ಎನ್ನುತ್ತಿದ್ದೆವು. ಹಾಡು ಎಷ್ಟೇ ಚೆನ್ನಾಗಿರಲಿ, ಜನ ಬರುತ್ತಿದ್ದುದು ಆ ಒಂದು ಉಸಿರಿಗಾಗಿ.

ನನ್ನ ತಂಗಿ ಇಳಾಳ ಮೊಗದೆರೆಯಷ್ಟು ಹೆಸರಾದದ್ದು ಇನ್ನೊಂದಿರಲಿಲ್ಲ.

ಚಿಕ್ಕವಳಿದ್ದಾಗ ಅವಳು ಓಣಿಗೆ ನೀರು ತರುತ್ತಿದ್ದ ಯಂತ್ರದ ಹಿಂದೆಯೇ ಅದರ ಹಾಗೆ ಕುಂಟುತ್ತ ನಡೆಯುತ್ತಿದ್ದಳು. ಆ ಯಂತ್ರದ ಒಂದು ಮೊಣಕಾಲು ಸವೆದಿತ್ತು. ಇಳಾಳ ಮೊಣಕಾಲೂ ಅಷ್ಟೇ ಸವೆದಂತೆ ಕಾಣುತ್ತಿತ್ತು. ನಮ್ಮ ಅವ್ವ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅವ್ವ ನಗುವುದೇ ಅಪರೂಪವಾಗಿತ್ತು, ಅದಕ್ಕಾಗಿ ಇಳಾ ದಿನವೂ ಕುಂಟಿದಳು. ದೊಡ್ಡವಳಾದಂತೆ ಗಂಟಲು ತೆರೆಯಿತು. ದೇವೇಂದ್ರ ಅರಳಿಕಟ್ಟಿ ಎಂಬವನು ಹೊಸದಾಗಿ ಮೇಳ ಕಟ್ಟುತ್ತಿದ್ದ. ಅವನು ಅವಳ ಹಾಡು ಕೇಳಿ, ನಡಿಗೆ ನೋಡಿ, ಅಲ್ಲೇ ನಿಂತು ತನ್ನ ಮೇಳಕ್ಕೆ ಅವಳ ಹೆಸರಿಟ್ಟ. ಅವಳಿಗೆ ಚಿಪ್ಪು ತೊಡಿಸುವ, ಬಿಚ್ಚುವ, ಒಳಬಟ್ಟೆ ಹೊಲಿಯುವ ಕೆಲಸಕ್ಕೆ ನಾನೂ ಜೊತೆಯಾದೆ.

ಇಳಾಗೆ ಸಿಟ್ಟು ಬೇಗ, ನಗು ಅದಕ್ಕಿಂತ ಬೇಗ. ಮೊಗದೆರೆ ಮುಗಿಸಿ ಒಳಗೆ ಬಂದವಳೇ, ಚಿಪ್ಪು ಬಿಚ್ಚುವ ಮೊದಲೇ ಮಿರ್ಚಿ ಕೇಳುತ್ತಿದ್ದಳು. ತನ್ನ ಎಡಗಡೆ ನಿಲ್ಲುತ್ತಿದ್ದ ಹೆಜ್ಜೆಗೊಂಬೆಗೆ ಪಾರಿ ಎಂದು ಹೆಸರಿಟ್ಟಿದ್ದಳು. ಮೇಳದಲ್ಲಿ ಬೇರೆ ಯಾವ ಗೊಂಬೆಗೂ ಹೆಸರಿರಲಿಲ್ಲ. "ಪಾರೀ, ಇವತ್ತ ಮುಂದಿನ ಸಾಲಿನ್ಯಾಗ ಒಬ್ಬಾಂವ ಆಕಳಿಸಿದಾ, ನೋಡಿದೇನ?" ಎಂದು ಅದರ ಭುಜ ತಟ್ಟುತ್ತಿದ್ದಳು. ಅದು ಸುಮ್ಮನೆ ನಿಂತಿರುತ್ತಿತ್ತು.

ಕಾಯಿಲೆ ಬಂದದ್ದು ಹೀಗೆ. ಧಾರವಾಡದ ಒಂದು ಮೇಳದಲ್ಲಿ ಎಲ್ಲ ಗೊಂಬೆಗಳೂ ಕೈ ಇಳಿಸಿದವು, ಇಳಾಳ ಎಡಗೈ ಮೇಲೆಯೇ ಉಳಿಯಿತು. ಬೆರಳು ಸಣ್ಣಗೆ ಅದುರುತ್ತಿತ್ತು. ಆಮೇಲೆ ಕೈ ತುಂಡುತುಂಡಾಗಿ, ಹಲ್ಲುಚಕ್ರ ಸಿಕ್ಕಿಕೊಂಡಂತೆ ಕೆಳಗೆ ಬಂತು. ಜನ ಹುಚ್ಚೆದ್ದು ಸಿಳ್ಳೆ ಹಾಕಿದರು. ಅಂಥ ಕುಣಿತವನ್ನು ಅವರು ನೋಡಿಯೇ ಇರಲಿಲ್ಲ. ಒಳಗೆ ಬಂದ ಮೇಲೆ ಅವಳು ಮಿರ್ಚಿ ಕೇಳಲಿಲ್ಲ.

"ಅಕ್ಕಾ, ಅದನ್ನ ನಾ ಮಾಡಲಿಲ್ಲ" ಎಂದಳು.

"ಮತ್ತ?"

"ಕೈ ಇಳಸು ಅಂದೆ. ಅದು ಕೇಳಲಿಲ್ಲ."

ಊರಿನ ದೊಡ್ಡ ಆಸ್ಪತ್ರೆಯ ಫರ್ಜಾನಾ ಡಾಕ್ಟರು ಅವಳ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡೇ ಮಾತಾಡಿದರು. ನರಗಳ ಕಾಯಿಲೆ. ಮೈ ನಿಧಾನಕ್ಕೆ ಬಿಗಿಯುತ್ತ ಹೋಗುತ್ತದೆ, ಕೈಕಾಲು ಹೇಳಿದ ಮಾತು ಕೇಳುವುದು ತಡವಾಗುತ್ತದೆ, ಕೊನೆಗೆ ಮುಖದ ಮೇಲಿನ ನಗುವೂ ಬರುವುದಿಲ್ಲ. ನಿಮ್ಮ ಕಾಲದಲ್ಲಿಯೂ ಇಂಥದ್ದು ಇತ್ತು ಎಂದು ಕೇಳಿದ್ದೇನೆ. ಇಷ್ಟು ವರ್ಷಗಳಲ್ಲಿ ಅದನ್ನು ತಡಮಾಡುವ ಔಷಧ ಬಂದಿದೆ. ನಿಲ್ಲಿಸುವ ಔಷಧ ಇನ್ನೂ ಬಂದಿಲ್ಲ. "ಎಷ್ಟು ದಿನಾ ಕುಣೀಬಹುದ್ರೀ ಡಾಕ್ಟರ?" ಎಂದು ಇಳಾ ಕೇಳಿದಳು. "ನಿನಗ ಸಂತೋಷ ಆಗೂತನಕ ಕುಣಿಯವಾ" ಎಂದು ಅವರು ಹೇಳಿ, ಕಿಟಕಿಯ ಕಡೆ ತಿರುಗಿದರು.

ಆಮೇಲಿನ ತಿಂಗಳುಗಳು ನನ್ನ ಜೀವನದ ಅತ್ಯಂತ ವಿಚಿತ್ರ ದಿನಗಳು. ತಂಗಿ ಕ್ಷೀಣಿಸಿದಷ್ಟೂ ಅವಳ ಹೆಸರು ಬೆಳೆಯಿತು. ಕಾಲು ಎಳೆದರೆ ಚಪ್ಪಾಳೆ, ಕತ್ತು ಸಿಕ್ಕಿಕೊಂಡರೆ ಚಪ್ಪಾಳೆ. ಊರೂರಿನ ಹುಡುಗಿಯರು ನೆರಳುಬೀದಿಯಲ್ಲಿ ಅವಳ ಅದುರುವ ಬೆರಳನ್ನು ಅಭ್ಯಾಸ ಮಾಡುತ್ತಿದ್ದರು. ಒಂದು ದಿನ ನಮ್ಮ ಮನೆಯ ಮುಂದೆಯೇ ಹಾಗೆ ಮಾಡುತ್ತಿದ್ದ ಗುಂಪನ್ನು ಕಿಟಕಿಯಿಂದ ನೋಡಿ ಇಳಾ, "ತಪ್ಪ ಮಾಡಾಕತ್ತಾರ, ಬೆರಳು ಒಳಗ ಬರಬೇಕು" ಎಂದು ನಕ್ಕಳು. ಆ ನಗು ಅವಳ ಮುಖದ ಅರ್ಧಕ್ಕೆ ಮಾತ್ರ ಬಂತು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುವಿ ನಿಂತೆ.

ಮೊಗದೆರೆಯೇ ಕಷ್ಟವಾಗತೊಡಗಿತು. ಚಿಪ್ಪಿನೊಳಗೆ ಬಿಗಿತ ಕುಣಿತವಾಗಿ ಕಾಣುತ್ತಿತ್ತು. ಮುಖ ಕಳಚಿದರೆ ಕಾಯಿಲೆಯಾಗಿ ಕಾಣುತ್ತಿತ್ತು. ಮೇಳ ಕಟ್ಟಿದ ದೇವೇಂದ್ರ, ನಮ್ಮ ದೇವಣ್ಣ, ಒಂದು ದಿನ ನಮ್ಮ ಮನೆಗೆ ಬಂದು ಬಹಳ ಹೊತ್ತು ಲೋಟ ಹಿಡಿದು ಕೂತಿದ್ದ. ಕೆಟ್ಟ ಮನುಷ್ಯನಲ್ಲ ಅವನು, ಅದನ್ನು ಈಗಲೂ ಹೇಳುತ್ತೇನೆ. "ಸಾವಂತ್ರಕ್ಕಾ, ಪಾರಿಗೆ ಕಲಿಸಿದರ ಹೆಂಗ?" ಎಂದು ನೆಲ ನೋಡುತ್ತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಇಳಾ, "ಪಾರಿ ಮೊಗದೆರೆ ಮಾಡಲಿ, ನಾ ಪಾರಿ ಜಾಗಾಕ್ಕ ನಿಲ್ತೀನಿ. ಸಾಲಿನ್ಯಾಗ ನಿಂತ ಗೊಂಬಿ ನಗಬೇಕಂತ ಯಾರೂ ಕೇಳಂಗಿಲ್ಲ" ಎಂದಳು. ಮೇಳದಿಂದ ಹೊರಗುಳಿಯುವುದಕ್ಕಿಂತ ಗೊಂಬೆಯಾಗಿ ಉಳಿಯುವುದು ಅವಳಿಗೆ ಮೇಲೆನಿಸಿತ್ತು.

ಪಾರಿಗೆ ನನ್ನ ತಂಗಿಯ ಮುಖ ಮಾಡಿಸಿದರು, ಕಾಯಿಲೆಗೆ ಮೊದಲಿನ ಮುಖ. ಹಾಡನ್ನು ಹಳೆಯ ಧ್ವನಿಮುದ್ರಣಗಳಿಂದ ತೆಗೆದರು. ಉಸಿರು ಮಾತ್ರ ಹೊಸದಾಗಿ ಬೇಕಿತ್ತು, ಏಕೆಂದರೆ ಹಳೆಯ ಮುದ್ರಣಗಳಲ್ಲಿ ಅದು ಜನರ ಕೂಗಿನಲ್ಲಿ ಮುಳುಗಿಹೋಗಿತ್ತು. ಒಂದು ಬೆಳಿಗ್ಗೆ ಬಾಗಿಲು ಹಾಕಿದ ಕೋಣೆಯಲ್ಲಿ, ನನ್ನ ಮುಂದೆ, ಇಳಾ ಒಬ್ಬಳೇ ಕುಣಿದಳು. ಅವಳ ಆಗಿನ ಮೈಯಲ್ಲಿ ಆಗುವಷ್ಟು ಕುಣಿದು, ದಣಿದು, ಮೈಕಿನ ಮುಂದೆ ಉಸಿರು ಬಿಟ್ಟಳು. ಆ ಉಸಿರು ನಡುವೆ ಒಂದು ಕಡೆ ತೊಡರಿತು. ಎದೆಯ ಸ್ನಾಯು ಬಿಗಿದು, ಕ್ಷಣ ನಿಂತು, ಮತ್ತೆ ಬಂತು. ಇನ್ನೊಮ್ಮೆ ಮಾಡುವ ತ್ರಾಣ ಅವಳಲ್ಲಿ ಇರಲಿಲ್ಲ. ಅದನ್ನೇ ಇಟ್ಟುಕೊಂಡರು.

ಪಾರಿಯ ಮೊದಲ ಮೊಗದೆರೆಯ ದಿನ ನಾನು ವೇದಿಕೆಯ ಮಗ್ಗುಲಲ್ಲಿ ನಿಂತಿದ್ದೆ. ಗೊಂಬೆ ಮುಂದೆ ಬಂತು, ಮುಖ ಕಳಚಿತು, ನನ್ನ ತಂಗಿಯ ಮುಖ ತೋರಿಸಿತು. ಉಸಿರು ಬಿಟ್ಟಿತು. ಆ ತೊಡರು ಬಂದ ಕೂಡಲೇ ಮೈದಾನದಲ್ಲಿ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಪಾಪ, ಎಷ್ಟ್ ದಣದೈತಿ ನೋಡ್ರಿ ಹುಡುಗಿ" ಎಂದು ಮುಂದಿನ ಸಾಲಿನ ಅಜ್ಜಿಯೊಬ್ಬಳು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು. ನಿಜವಾಗಿ ದಣಿದ ಹುಡುಗಿ ಹಿಂದಿನ ಸಾಲಿನಲ್ಲಿ, ಮುಖ ಮುಚ್ಚಿಕೊಂಡು, ಬಿದ್ದುಬಿಡದಂತೆ ಕಾಲು ಅಗಲಿಸಿ ನಿಂತಿದ್ದಳು. ಒಳಗೆ ಬಂದ ಮೇಲೆ ಚಿಪ್ಪು ಬಿಚ್ಚುತ್ತಿದ್ದಾಗ ಅವಳು ಕೇಳಿದ್ದು ಒಂದೇ ಮಾತು: "ಚಲೋ ಆತೇನ?" ಆತು ಎಂದೆ. ಚೆನ್ನಾಗಿಯೇ ಆಗಿತ್ತು.

ಗದಗಿನ ಮೇಳದ ದಿನ ಗಾಳಿ ಬೆಳಗಿನಿಂದಲೇ ಬಿಸಿಯಾಗಿತ್ತು. ಹೋಗುವುದು ಬೇಡವೆಂದು ನಾನೂ ದೇವಣ್ಣನೂ ಇಬ್ಬರೂ ಹೇಳಿದೆವು, ಇಳಾ ಕೇಳಲಿಲ್ಲ. ಕೊನೆಯ ಹಾಡಿನ ನಡುವೆ ಅವಳ ಮೊಣಕಾಲು ಬಿಗಿದು ನಿಂತಿತು. ಕಡಿದ ಮರದ ಹಾಗೆ ಪಕ್ಕಕ್ಕೆ ಬಿದ್ದಳು. ಜನ ನಕ್ಕರು. ಗೊಂಬೆ ಕೆಟ್ಟು ಬಿದ್ದಿತೆಂದು ಅವರ ಭಾವನೆ. ಯಾರೋ "ಎಣ್ಣಿ ಹಾಕ್ರಪೋ!" ಎಂದು ಕೂಗಿದರು, ಇನ್ನಷ್ಟು ನಗು. ಒಂದು ಗೊಂಬೆ ಬಿದ್ದರೆ ಸುತ್ತು ಹಾಕಿಕೊಂಡು ಮುಂದೆ ಹೋಗಬೇಕೆಂದು ಉಳಿದವಕ್ಕೆ ಕಲಿಸಿದ್ದರು. ಅವು ನನ್ನ ತಂಗಿಯ ಸುತ್ತ ಹೆಜ್ಜೆ ತಪ್ಪದೆ ಕುಣಿದವು.

ನಾನು ಓಡಿದೆ. ಗೊಂಬೆಗಳ ನಡುವೆ ನುಗ್ಗಿ, ಅವಳ ಪಕ್ಕ ಕೂತು, ಗಾಳಿಯಾಡಲಿ ಎಂದು ಅವಳ ಮುಖದ ಚಿಪ್ಪು ಕಳಚಿದೆ. ಅದೇ ಹೊತ್ತಿಗೆ ಹಾಡು ಮುಗಿದು ಮುಂದೆ ಪಾರಿಯೂ ತನ್ನ ಮುಖ ಕಳಚಿತು. ಜನ ನೋಡಿದ್ದು ಇಷ್ಟು: ಮುಂದೆ ಒಬ್ಬ ಇಳಾ, ನೆಲದ ಮೇಲೆ ಇನ್ನೊಬ್ಬ ಇಳಾ. ಪಾರಿಯ ಉಸಿರು ಮೈಕಿನಲ್ಲಿ ತೊಡರಿ ಬಂತು. ಆಮೇಲೆ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಎರಡು ಮೊಗದೆರೆ! ಅಂಥ ಚಪ್ಪಾಳೆ ಅವಳ ಒಳ್ಳೆಯ ದಿನಗಳಲ್ಲಿಯೂ ಬಿದ್ದಿರಲಿಲ್ಲ. ಇಳಾಳ ಬಾಯಿಯ ಮೂಲೆಯಲ್ಲಿ ಜೊಲ್ಲು ಇಳಿದಿತ್ತು. ಮುಖ ಅಲುಗಲಿಲ್ಲ, ಕಣ್ಣು ಮಾತ್ರ ಜನರ ಕಡೆ ಹೋಗಿ ನನ್ನ ಕಡೆ ಬಂತು.

"ಮುಚ್ಚಕ್ಕಾ" ಎಂದಳು.

ಮತ್ತೆ ಆ ಚಿಪ್ಪು ಹಾಕಲು ನನಗೆ ಮನಸ್ಸಾಗಲಿಲ್ಲ. ಸೆರಗು ಎಳೆದು ಅವಳ ಮುಖದ ಮೇಲೆ ಹಿಡಿದೆ. ದೇವಣ್ಣ ಬಂದು ಅವಳನ್ನು ಎತ್ತಿಕೊಂಡ. ಅವನು ಗೋಳೋ ಎಂದು ಅಳುತ್ತಿದ್ದ. ಒಳಗೆ ಹೋಗುವವರೆಗೂ ಚಪ್ಪಾಳೆ ನಿಲ್ಲಲಿಲ್ಲ.

ಬಿದ್ದವಳೇ ನಿಜವಾದ ಇಳಾ, ಅವಳಿಗೆ ಕಾಯಿಲೆ ಎಂಬ ಸುದ್ದಿ ಹರಡಿತು. ಜನ ಕೆಟ್ಟವರಲ್ಲ, ಮನೆಯ ಮುಂದೆ ಹೂವು ತಂದಿಟ್ಟರು, ನಕ್ಕವರು ಬಂದು ಕೈಮುಗಿದರು. ಆಮೇಲೆ ಮತ್ತೆ ಪಾರಿಯನ್ನು ನೋಡಲು ಹೋದರು. ಇಳಾ ಮನೆಯಲ್ಲೇ ಉಳಿದಳು. ನಾನೇ ಉಣಿಸುತ್ತಿದ್ದೆ, ನಾನೇ ತಲೆ ಬಾಚುತ್ತಿದ್ದೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗಿ ಹಳೆಯ ಹಾಡು ಗುನುಗುತ್ತಿದ್ದಳು, ಗುನುಗುವುದೂ ಕ್ರಮೇಣ ನಿಂತಿತು. ಒಂದು ಬೆಳಿಗ್ಗೆ ದೂರದ ಮೈದಾನದಿಂದ ಮೇಳದ ಸದ್ದು ಗಾಳಿಯಲ್ಲಿ ಬಂತು, ಕೊನೆಯಲ್ಲಿ ಆ ಉಸಿರೂ ಬಂತು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

"ಅಕ್ಕಾ, ಹಾಡು ಇಟಗೊಳ್ಳಲಿ. ಮುಖಾನೂ ಇಟಗೊಳ್ಳಲಿ. ಆ ದಮ್ಮು ನನಗ ಆರಾಮ ಇಲ್ಲದಾಗಿಂದು. ಅದನ್ನ ಮಂದಿ ಮುಂದ ಬಿಡಬ್ಯಾಡಂತ ಹೇಳು. ಅದೊಂದು ನನಗ ತಿರುಗಿ ಕೊಡಸು."

ನಾನು ದೇವಣ್ಣನ ಹತ್ತಿರ ಹೋದೆ. "ಅಕ್ಕಾ, ಮಂದಿ ಬರೂದ ಅದಕ್ಕ. ಅದನ್ನ ತಗದ್ರ ಮೇಳ ನಿಲ್ತೈತಿ. ಎಷ್ಟ ಮನಿ ಇದನ್ನ ನಂಬ್ಯಾವು ನಿಮಗ ಗೊತ್ತೈತಲ್ಲ" ಎಂದ. ನನಗೆ ಗೊತ್ತಿತ್ತು. ಗೊತ್ತಿದ್ದೂ ಜಗಳ ಮಾಡಿದೆ, ಮತ್ತೆ ಮತ್ತೆ ಹೋಗಿ ಮಾಡಿದೆ, ಫಲವಾಗಲಿಲ್ಲ. ಇಳಾ ಮಳೆಯ ವಾರಗಳಲ್ಲಿ ತೀರಿಕೊಂಡಳು. ಅವಳ ಕೊನೆಯ ಉಸಿರು ನನಗೆ ಕೇಳಿಸಲೇ ಇಲ್ಲ, ಅಷ್ಟು ಮೆತ್ತಗೆ ಹೋಯಿತು. ಅದೇ ವಾರ ಹಾವೇರಿಯಲ್ಲಿ ಅವಳ ಇನ್ನೊಂದು ಉಸಿರಿಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಈಗ ಮೊಗದೆರೆಯ ಕಾಲವೇ ಹೋಗಿದೆ. ಜನಕ್ಕೆ ಬೇರೆ ಏನೋ ಹಿಡಿಸಿದೆ, ಮೇಳಗಳು ಒಂದೊಂದಾಗಿ ಮುಚ್ಚಿದವು. ಹೋದ ವಾರ ದೇವಣ್ಣ ಕೋಲೂರಿಕೊಂಡು ಬಂದು ಒಂದು ದನಿಹರಳನ್ನು ನನ್ನ ಕೈಗಿಟ್ಟ. ದನಿಹರಳು ಎಂದರೆ ಧ್ವನಿ ತುಂಬಿಡುವ, ಹುಣಸೆಬೀಜದಷ್ಟು ದೊಡ್ಡ ಗಾಜಿನ ಕಾಳು. "ಬ್ಯಾರೆ ಪ್ರತಿ ಎಲ್ಲಾ ಅಳಿಸೇನಿ. ಇದೊಂದ ಉಳದೈತಿ. ಆಗ ಕೊಡಾಕಾಗಲಿಲ್ಲ" ಎಂದ. ನಾನು ಚಹಾ ಮಾಡಿಕೊಟ್ಟೆ. ಕುಡಿದು ಹೋದ.

ಇವತ್ತು ಬೆಳಿಗ್ಗೆ ಅದನ್ನು ಹಾಕಿ ಕೇಳಿದೆ. ಮೇಳದಲ್ಲಿ ಉಸಿರು ಮುಗಿದ ಕೂಡಲೇ ಮುದ್ರಣ ಕತ್ತರಿಸುತ್ತಿದ್ದರು. ಇದರಲ್ಲಿ ಕತ್ತರಿಸಿರಲಿಲ್ಲ. ಮೊದಲು ಅವಳ ಏದುಸಿರು, ಆ ತೊಡರು, ಮತ್ತೆ ಉಸಿರು. ಆಮೇಲೆ ಅವಳ ಮಾತು, ಬಹಳ ಸಣ್ಣಗೆ: "ಅಕ್ಕಾ, ಇಷ್ಟು ಸಾಕಾತೇನ?" ನನ್ನ ಧ್ವನಿಯೂ ಇತ್ತು, ಗುರುತೇ ಸಿಗದಷ್ಟು ಎಳೆಯ ಧ್ವನಿ: "ಸಾಕವಾ. ಬಾ, ಉಣ್ಣುವಂತಿ."

ನಾನು ಹಾಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಇನ್ನೊಮ್ಮೆ ಕೇಳಿದೆ. ಮತ್ತೊಮ್ಮೆ ಕೇಳಿದರೆ ಅದನ್ನು ಅಳಿಸಲು ನನ್ನಿಂದ ಆಗುವುದಿಲ್ಲವೆಂದು ಗೊತ್ತಾಯಿತು. ಅವಳು ನನ್ನಲ್ಲಿ ಬೇಡಿದ್ದು ಅದೊಂದನ್ನೇ. ಅಳಿಸಿಬಿಟ್ಟೆ. ಹೊರಗೆ ಯಾರೋ ಚಪ್ಪರದ ಬಟ್ಟೆ ಎಳೆದು ಕಟ್ಟುತ್ತಿದ್ದರು. ಮನೆಯಲ್ಲಿ ಏನೂ ಸದ್ದಿರಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ವೇದಿಕೆಗಳ ಮೇಲೆ ಯಂತ್ರದ ವೇಷ ತೊಟ್ಟು ಕುಣಿಯುವವರು ಇನ್ನೂ ಮನುಷ್ಯರೇ. ಕಾರ್ಯಕ್ರಮ ಮುಗಿದ ಕೂಡಲೇ ಎದ್ದು ಹೋಗಬೇಡಿ. ಹಿಂದಿನ ಬಾಗಿಲ ಹತ್ತಿರ ಸ್ವಲ್ಪ ನಿಲ್ಲಿ. ಬಣ್ಣ ಒರೆಸಿಕೊಳ್ಳುತ್ತ ಒಬ್ಬ ಹುಡುಗಿ ಹೊರಗೆ ಬರುತ್ತಾಳೆ, ಬಹುಶಃ ಹಿಂದಿನ ಸಾಲಿನವಳು, ನೀವು ಗಮನಿಸದೆ ಇದ್ದವಳು. ಚೆನ್ನಾಗಿ ಕುಣಿದೆ ಎಂದು ಎಲ್ಲರೂ ಹೇಳುತ್ತಾರೆ. ನೀವು ಅವಳ ಹೆಸರೇನೆಂದು ಕೇಳಿ, ಮೈಗೆ ಆರಾಮವೇ ಎಂದು ಕೇಳಿ. ಉತ್ತರ ಬರುವವರೆಗೆ ಅಲ್ಲೇ ಇರಿ.

ಹೊತ್ತು ಏರುತ್ತಿದೆ, ಬಾಗಿಲು ಹಾಕಬೇಕು. ನೀವು ನೆರಳಲ್ಲಿರಿ.

ಇಳಾಳ ಅಕ್ಕ,
ಸಾವಂತ್ರಿ